ಇಂಜೆಕ್ಟರಿನ ಎರಡು ವೈರುಗಳ ಕತೆ

ಪೆಟ್ರೋಲ್ ಕಾರಿನ ಬಾನೆಟ್ ಎತ್ತಿ ನೋಡಿ. ಇಂಜಿನ್ನಿನ ಮಗ್ಗುಲಲ್ಲಿ ಒಂದು ಕೊಳವೆ, ಅದಕ್ಕೆ ಸಾಲಾಗಿ ಸಿಕ್ಕಿಸಿದ ಹೆಬ್ಬೆರಳು ಗಾತ್ರದ ಮೂರೋ ನಾಲ್ಕೋ ಇಂಜೆಕ್ಟರುಗಳು. ಪ್ರತಿಯೊಂದರ ತಲೆಗೂ ಒಂದು ಪ್ಲಗ್, ಪ್ರತಿ ಪ್ಲಗ್ಗಿಗೂ ಎರಡೇ ಎರಡು ವೈರು. ಮನೆಯ ಬಲ್ಬಿಗೂ ಎರಡೇ ವೈರಲ್ವಾ, ಇದರಲ್ಲೇನು ಮಹಾ ಅನ್ನಿಸುತ್ತೆ. ಆದರೆ ಒಂದು ಕಾರಿನ ಇಂಜಿನ್ ಇಳಿಸಿ ಇನ್ನೊಂದು ಕಾರಿನ ಇಂಜಿನ್ ಕೂರಿಸೋ ಹುಚ್ಚಿರುವವರನ್ನು ಕೇಳಿ. ಕಬ್ಬಿಣದ ಕೆಲಸಕ್ಕಿಂತ ವೈರಿನ ಕೆಲಸಾನೇ ತಲೆ ತಿಂದಿದ್ದು ಅಂತಾರೆ.

ಯಾಕೆ ಅಂದರೆ, ಆ ಎರಡು ವೈರನ್ನು ಎಲ್ಲೆಲ್ಲಿಗೆ ಜೋಡಿಸಬೇಕು ಅನ್ನೋ ಪದ್ಧತಿ ಕಾಲಕಾಲಕ್ಕೆ ಬದಲಾಗಿದೆ. ಹಳೇ ಕಾರಿಗೆ ಹೊಸ ಇಂಜಿನ್ ಹಾಕೋದು ಅಂದರೆ ಎರಡು ಕಾಲಗಳಿಗೆ ನೆಂಟಸ್ತಿಕೆ ಬೆಳೆಸಿದ ಹಾಗೆ. ಎರಡೂ ಮನೆಯ ರೀತಿ-ರಿವಾಜು ಗೊತ್ತಿಲ್ಲದಿದ್ದರೆ ಮದುವೆ ಮನೆಯಲ್ಲೇ ಹೊಗೆ ಏಳುತ್ತೆ, ಇಲ್ಲಿ ನಿಜವಾದ ಹೊಗೆ :-)

ಮೊದಲು ಇಂಜೆಕ್ಟರ್ ಅಂದರೇನು ಅಂತ ಎರಡು ಮಾತು. ಅದೊಂದು ಪುಟ್ಟ ನಲ್ಲಿ. ಒಳಗೆ ತಾಮ್ರದ ಸುರುಳಿ, ಅಂದರೆ ಕಾಯಿಲ್. ಕರೆಂಟು ಹರಿದರೆ ಕಾಯಿಲ್ ಅಯಸ್ಕಾಂತವಾಗಿ ಸೂಜಿಯನ್ನು ಎತ್ತುತ್ತೆ, ಪೆಟ್ರೋಲ್ ಚಿಮ್ಮುತ್ತೆ. ಕರೆಂಟು ನಿಂತರೆ ಸ್ಪ್ರಿಂಗು ಸೂಜಿಯನ್ನು ಮತ್ತೆ ಕೂರಿಸುತ್ತೆ. ಪಂಪು ಪೆಟ್ರೋಲನ್ನು ಒಂದೇ ಒತ್ತಡದಲ್ಲಿ ಇಟ್ಟಿರೋದರಿಂದ, ಎಷ್ಟು ಪೆಟ್ರೋಲ್ ಹೋಗಬೇಕು ಅನ್ನೋದನ್ನು ನಲ್ಲಿ ಎಷ್ಟು ಹೊತ್ತು ತೆರೆದಿತ್ತು ಅನ್ನೋದೇ ನಿರ್ಧರಿಸುತ್ತೆ. ಆ ಹೊತ್ತನ್ನು ಅಳೆಯೋದು ಮಿಲಿಸೆಕೆಂಡಿನಲ್ಲಿ. ಇಡೀ ಇತಿಹಾಸ ಇರೋದು ಈ ಪುಟ್ಟ ನಲ್ಲಿಯನ್ನು ಬೇಗ ತೆರೆಯೋದು ಹೇಗೆ, ಆ ಸ್ವಿಚ್ಚು ಯಾರ ಕೈಯಲ್ಲಿರಬೇಕು ಅನ್ನೋ ಎರಡು ಪ್ರಶ್ನೆಗಳಲ್ಲಿ.

ಕರೆಂಟಿನಿಂದ ಇಂಜೆಕ್ಟರ್ ತೆರೆಯೋ ಪ್ರಯೋಗ 1940ರಷ್ಟು ಹಿಂದೆಯೇ ಇಟಲಿಯಲ್ಲಿ ಆಲ್ಫಾ ರೋಮಿಯೋ ಕಾರಿನ ಮೇಲೆ ನಡೆದಿತ್ತು. ಆದರೆ ಅಂಗಡಿಗೆ ತರೋ ಧೈರ್ಯ ಮಾಡಿದ್ದು ಅಮೆರಿಕದ ಬೆಂಡಿಕ್ಸ್ ಕಂಪನಿ. 1957ರಲ್ಲಿ ಅದು ತನ್ನ 'ಎಲೆಕ್ಟ್ರೋಜೆಕ್ಟರ್' ಬಗ್ಗೆ ಘೋಷಿಸಿತು. ಟ್ರಾನ್ಸಿಸ್ಟರ್ ಹುಟ್ಟಿ ಆಗಿನ್ನೂ ಹತ್ತೇ ವರ್ಷ! ಮೊದಲು ಎಎಂಸಿಯ ರಾಂಬ್ಲರ್ ರೆಬೆಲ್ ಕಾರಿಗೆ ಅಂದರು, ಅದು ಗಿರಾಕಿಗಳ ಕೈಗೆ ಬರಲೇ ಇಲ್ಲ. 1958ರಲ್ಲಿ ಕ್ರೈಸ್ಲರ್ ಬಳಗದ ಕ್ರೈಸ್ಲರ್ 300ಡಿ, ಡಿಸೋಟೋ ಅಡ್ವೆಂಚರರ್ ಮುಂತಾದ ಕೆಲವೇ ಡಜನ್ ಕಾರುಗಳಿಗೆ ಕೂರಿಸಿ ಮಾರಿದರು. ಬಾನೆಟ್ಟಿನ ಕೆಳಗಿನ ಬಿಸಿ, ತೇವ, ಅದುರಾಟಗಳನ್ನು ಆ ಕಾಲದ ಎಲೆಕ್ಟ್ರಾನಿಕ್ ಬಿಡಿಭಾಗಗಳು ತಾಳಲಿಲ್ಲ. ಹೆಚ್ಚುಕಮ್ಮಿ ಎಲ್ಲ ಕಾರುಗಳೂ ವಾಪಸ್ ಬಂದು, ಕಾರ್ಬ್ಯುರೇಟರ್ ಹಾಕಿಸಿಕೊಂಡು ಹೋದವು. ಹಾಗೆ ನೋಡಿದರೆ ಎಲೆಕ್ಟ್ರಾನಿಕ್ ಇಂಜೆಕ್ಷನ್ನಿನ ಚರಿತ್ರೆಯಲ್ಲಿ ಮೊದಲು ನಡೆದದ್ದು ಉಲ್ಟಾ ಬದಲಾವಣೆ: ಇಂಜೆಕ್ಟರ್ ಕಿತ್ತು ಕಾರ್ಬ್ಯುರೇಟರ್!

ಬೆಂಡಿಕ್ಸ್‌ನ ಪೇಟೆಂಟುಗಳು ಜರ್ಮನಿಯ ಬಾಷ್ ಕಂಪನಿಯ ಕೈಗೆ ಬಂದವು. ಅಷ್ಟರಲ್ಲಿ ಅಮೆರಿಕದಲ್ಲಿ ಹೊಗೆಯ ಕಾನೂನುಗಳು ಬಿಗಿಯಾಗಿದ್ದವು. ಅಲ್ಲಿ ಕಾರು ಮಾರಬೇಕಿದ್ದ ಫೋಕ್ಸ್‌ವ್ಯಾಗನ್‌ಗೆ ದಾರಿ ಬೇಕಿತ್ತು. ಹಾಗಾಗಿ 1967ರಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ಬಾಷ್‌ನ 'ಡಿ-ಜೆಟ್ರಾನಿಕ್' ಬಂತು. ಸಾವಿರಾರು ಜನ ದಿನಾ ಓಡಿಸಿದ ಮೊದಲ ಎಲೆಕ್ಟ್ರಾನಿಕ್ ಇಂಜೆಕ್ಷನ್ ಅದು.

ಈಗ ವೈರಿನ ವಿಷಯಕ್ಕೆ ಬರೋಣ. ಡಿ-ಜೆಟ್ರಾನಿಕ್ ಇಂಜೆಕ್ಟರಿನ ಒಂದು ವೈರು ಇಂಜಿನ್ನಿನ ಮೈಗೆ, ಅಂದರೆ ಅರ್ಥ್‌ಗೆ. ಇನ್ನೊಂದು ವೈರಿಗೆ ಕಂಟ್ರೋಲ್ ಪೆಟ್ಟಿಗೆ ಪ್ಲಸ್ ಕರೆಂಟನ್ನು ತುಣುಕು ತುಣುಕಾಗಿ ಕಳಿಸುತ್ತಿತ್ತು. ಸ್ವಿಚ್ಚು ಪ್ಲಸ್ ಕಡೆ ಇತ್ತು ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಶೇಷ, ಆ ಕಾಯಿಲ್‌ನ ರೆಸಿಸ್ಟೆನ್ಸು ಕೇವಲ 2.4 ಓಮ್. ಸುತ್ತು ಕಡಿಮೆಯಿದ್ದರೆ ಕರೆಂಟು ಬೇಗ ಏರುತ್ತೆ, ಸೂಜಿ ಬೇಗ ಏಳುತ್ತೆ. ಆದರೆ ಲೆಕ್ಕ ಹಾಕಿ ನೋಡಿ: 12 ವೋಲ್ಟನ್ನು ನೇರ ಕೊಟ್ಟರೆ 5 ಆಂಪ್! ಅಷ್ಟು ಕರೆಂಟನ್ನು ಆಗಿನ ಟ್ರಾನ್ಸಿಸ್ಟರುಗಳು ಹೊರುವಂತಿರಲಿಲ್ಲ, ಕಾಯಿಲ್ಲೂ ಸುಟ್ಟುಹೋಗುತ್ತಿತ್ತು. ಅದಕ್ಕೆ ಪೆಟ್ಟಿಗೆಯೊಳಗೆ ಸುಮಾರು 6 ಓಮ್‌ನ ರೆಸಿಸ್ಟರ್ ಸೇರಿಸಿದರು. ಒಟ್ಟು 8.4 ಓಮ್, ಕರೆಂಟು ಒಂದೂವರೆ ಆಂಪ್‌ಗಿಂತ ಕಡಿಮೆ. ಇಂಜೆಕ್ಟರಿಗೆ ನಿಜವಾಗಿ ಸಿಗುತ್ತಿದ್ದದ್ದು ಮೂರು ಚಿಲ್ಲರೆ ವೋಲ್ಟು ಮಾತ್ರ. ಇವತ್ತು ಯಾರಾದರೂ ಅಂಥ ಇಂಜೆಕ್ಟರನ್ನು ಪರೀಕ್ಷೆ ಮಾಡೋಕೆ ಅಂತ ಬ್ಯಾಟರಿಗೆ ನೇರ ಹಚ್ಚಿಟ್ಟರೆ ಕಾಯಿಲ್ ಬೂದಿ.

ಆಮೇಲೆ 1970ರ ದಶಕದಲ್ಲಿ ಬಾಷ್‌ನದೇ 'ಎಲ್-ಜೆಟ್ರಾನಿಕ್' ಬಂತು. ಇಲ್ಲಿ ವೈರಿಂಗ್ ತಲೆಕೆಳಗಾಯ್ತು. ಪ್ಲಸ್ ಕರೆಂಟು ರಿಲೇಯಿಂದ ಹೊರಟು, ಹೊರಗೆ ಕೂರಿಸಿದ ರೆಸಿಸ್ಟರುಗಳ ಮೂಲಕ ಎಲ್ಲ ಇಂಜೆಕ್ಟರಿಗೂ ಸದಾ ಸಿದ್ಧ. ಪೆಟ್ಟಿಗೆ ಮಾಡೋದು ಇನ್ನೊಂದು ವೈರನ್ನು ಅರ್ಥ್‌ಗೆ ಮುಟ್ಟಿಸಿ ಬಿಡೋದನ್ನು ಮಾತ್ರ. ಅರ್ಥ್ ಕಡೆ ಕೂತ ಟ್ರಾನ್ಸಿಸ್ಟರನ್ನು ಆಡಿಸೋದು ಸುಲಭ, ಖರ್ಚೂ ಕಡಿಮೆ. ಅವತ್ತಿನ ಆ ಲೆಕ್ಕಾಚಾರವೇ ಮುಂದೆ ಎಲ್ಲರ ಪದ್ಧತಿಯಾಯ್ತು. ಪೋರ್ಟಿಗೆ ಪೆಟ್ರೋಲ್ ಚಿಮ್ಮಿಸೋ ಇಂದಿನ ಕಾರುಗಳಲ್ಲೂ ಅದೇ ನಡೆಯುತ್ತಿದೆ. (ಇದರ ಮಧ್ಯೆ 1973ರಲ್ಲಿ ಬಂದ 'ಕೆ-ಜೆಟ್ರಾನಿಕ್' ಇಂಜೆಕ್ಟರುಗಳಿಗೆ ವೈರೇ ಇರಲಿಲ್ಲ, ಪೆಟ್ರೋಲ್ ಸತತವಾಗಿ ಸುರಿಯುತ್ತಿತ್ತು. ಅದು ಬೇರೆಯದೇ ಕತೆ.)

ಇಂಜಿನ್ ಬದಲಿಸುವವರಿಗೆ ಅಪಾಯ ಕಾದಿರೋದು ಇಲ್ಲೇ. ಇಂಜೆಕ್ಟರಿಗೆ ಪ್ಲಸ್ಸು ಮೈನಸ್ಸು ಅಂತ ಭೇದವಿಲ್ಲ, ಪ್ಲಗ್ಗಿನ ಯಾವ ಪಿನ್ನಿಗೆ ಯಾವುದು ಬಂದರೂ ಸೂಜಿ ಏಳುತ್ತೆ. ಭೇದ ಇರೋದು ಪೆಟ್ಟಿಗೆಗೆ. 'ಒಂದು ವೈರು ಪ್ಲಸ್, ಉಳಿದದ್ದು ಅರ್ಥ್ ತಾನೇ' ಅಂತ ಎರಡನೇ ವೈರನ್ನು ಬಾಡಿಗೆ ಬಿಗಿದರೆ, ಚಾವಿ ತಿರುಗಿಸಿದ ಕ್ಷಣದಿಂದ ನಲ್ಲಿ ತೆರೆದೇ ಇರುತ್ತೆ. ಪಂಪು ಓಡಿದಷ್ಟು ಹೊತ್ತೂ ಪೆಟ್ರೋಲ್ ಸಿಲಿಂಡರಿಗೆ ಸುರಿಯುತ್ತೆ. ಗೋಡೆಯ ಮೇಲಿನ ಎಣ್ಣೆ ತೊಳೆದುಹೋಗುತ್ತೆ. ಸಿಲಿಂಡರ್ ತುಂಬಿದ್ದಾಗ ಸ್ಟಾರ್ಟರ್ ಒತ್ತಿದರೆ, ದ್ರವ ಗಾಳಿಯ ಹಾಗೆ ಕುಗ್ಗೋದಿಲ್ಲವಾದ್ದರಿಂದ ಕನೆಕ್ಟಿಂಗ್ ರಾಡೇ ಬಗ್ಗಬಹುದು. ಎಲ್ಲೋ ಕಿಡಿ ಬಿತ್ತೋ, ಕಾರೇ ಇಲ್ಲ.

ರೆಸಿಸ್ಟರಿನ ಕತೆಗೂ ಮುಂದುವರಿದ ಭಾಗವಿದೆ. ರೆಸಿಸ್ಟರ್ ಅಂದರೆ ಕರೆಂಟನ್ನು ಸುಮ್ಮನೆ ಬಿಸಿ ಮಾಡಿ ಪೋಲು ಮಾಡೋದು. ಇದಕ್ಕೆ ಎರಡು ಪರಿಹಾರ ಬಂದವು. ಒಂದು, ಸೂಜಿ ಎತ್ತೋಕೆ ಜೋರಾಗಿ ಕರೆಂಟು ಕೊಟ್ಟು, ಎದ್ದ ಮೇಲೆ ಹಿಡಿದಿಡೋಕೆ ಸ್ವಲ್ಪವೇ ಕೊಡೋದು. ನ್ಯಾಷನಲ್ ಸೆಮಿಕಂಡಕ್ಟರ್‌ನ ಎಲ್‌ಎಂ1949 ಚಿಪ್ಪು ಮಾಡುತ್ತಿದ್ದದ್ದು ಇದನ್ನೇ, ಮೊದಲು 4 ಆಂಪ್, ಆಮೇಲೆ 1 ಆಂಪ್. ಇನ್ನೊಂದು, ಕಾಯಿಲನ್ನೇ 12-16 ಓಮ್‌ಗೆ ಸುತ್ತೋದು. ಆಗ ಒಂದು ಆಂಪ್ ಆಸುಪಾಸಿನಲ್ಲೇ ಕೆಲಸ ಮುಗಿಯುತ್ತೆ, ರೆಸಿಸ್ಟರೇ ಬೇಡ. ಕೊನೆಗೆ ಜನಸಾಮಾನ್ಯರ ಕಾರುಗಳಲ್ಲಿ ಗೆದ್ದದ್ದು ಈ ಎರಡನೆಯದು.

ಈ ಬದಲಾವಣೆ ಕಣ್ಣಿಗೆ ಕಟ್ಟೋ ಹಾಗೆ ಕಾಣೋದು ಅಮೆರಿಕದ ಹೋಂಡಾ ಸಿವಿಕ್ ಹುಡುಗರ ಕತೆಯಲ್ಲಿ. ಅಲ್ಲಿ 1988ರಿಂದ 91ರವರೆಗಿನ ಕಡಿಮೆ ಬೆಲೆಯ ಸಿವಿಕ್‌ಗಳಲ್ಲಿ ನಾಲ್ಕು ಸಿಲಿಂಡರಿಗೂ ಸೇರಿ ಎರಡೇ ಇಂಜೆಕ್ಟರ್. ದುಬಾರಿ 'ಎಸ್‌ಐ' ಮಾದರಿಯಲ್ಲಿ ನಾಲ್ಕು. ಗುಜರಿಯಿಂದ ಎಸ್‌ಐ ಇಂಜಿನ್ ತಂದು ತಮ್ಮ ಬಡ ಸಿವಿಕ್‌ಗೆ ಕೂರಿಸೋದು ಅಲ್ಲಿನ ಹುಡುಗರಿಗೆ ಹಬ್ಬವಾಗಿತ್ತು. ಇಂಜಿನ್ ಸಲೀಸಾಗಿ ಕೂರುತ್ತಿತ್ತು. ಆದರೆ ಕಾರಿನಲ್ಲಿದ್ದದ್ದು ಎರಡು ಇಂಜೆಕ್ಟರಿನ ವೈರು! ಇನ್ನೆರಡನ್ನು ಡ್ಯಾಶ್‌ಬೋರ್ಡಿನ ಒಳಗಿಂದ ಎಳೆದು ತರಬೇಕು, ಕಂಟ್ರೋಲ್ ಪೆಟ್ಟಿಗೆ ಬದಲಿಸಬೇಕು, ರೆಸಿಸ್ಟರ್ ಡಬ್ಬಿ ಸೇರಿಸಬೇಕು. ಅಷ್ಟೇ ಅಲ್ಲ, ನಾಲ್ಕೂ ಇಂಜೆಕ್ಟರುಗಳು ತಮ್ಮ ತಮ್ಮ ಸರದಿಯಲ್ಲಿ ತೆರೆಯೋದರಿಂದ ಯಾವ ಸಿಲಿಂಡರಿನ ಸರದಿ ಅಂತ ಹೇಳೋ ಸೆನ್ಸರಿನ ವೈರೂ ಬೇಕು.

1992ರ ಸಿವಿಕ್‌ನಲ್ಲಿ ಹೋಂಡಾ ಹೆಚ್ಚು ಓಮ್‌ನ ಇಂಜೆಕ್ಟರಿಗೆ ಬಂತು, ರೆಸಿಸ್ಟರ್ ಡಬ್ಬಿ ಮಾಯವಾಯ್ತು. ನೋಡೋಕೆ ಎರಡೂ ಅಣ್ಣತಮ್ಮಂದಿರ ಹಾಗೆ. ಹೊಸ ಇಂಜೆಕ್ಟರನ್ನು ಹಳೇ ಕಾರಿಗೆ ಹಾಕಿ ಡಬ್ಬಿಯನ್ನು ಹಾಗೇ ಬಿಟ್ಟರೆ ಕರೆಂಟು ಸಾಲದೆ ಸೂಜಿ ತಡವಾಗಿ ಏಳುತ್ತೆ. ಹಳೇ ಇಂಜೆಕ್ಟರನ್ನು ಹೊಸ ಕಾರಿಗೆ ಡಬ್ಬಿಯಿಲ್ಲದೆ ಹಾಕಿದರೆ ಪೆಟ್ಟಿಗೆಯೊಳಗಿನ ಟ್ರಾನ್ಸಿಸ್ಟರ್ ಸುಡುತ್ತೆ. ಕೈಗೆ ಸಿಕ್ಕ ಇಂಜೆಕ್ಟರ್ ಯಾವ ಕಾಲದ್ದು ಅಂತ ಗೊತ್ತಾಗೋಕೆ ಮಲ್ಟಿಮೀಟರ್ ಸಾಕು. 2-3 ಓಮ್ ತೋರಿಸಿದರೆ ಹಳೇ ಮನೆತನ, 12ರ ಮೇಲಿದ್ದರೆ ಹೊಸದು.

ಈ ವಿದ್ಯೆ ಹಲವು ವರ್ಷ ಕಂಪನಿಗಳ ಪೆಟ್ಟಿಗೆಯೊಳಗೇ ಬೀಗ ಹಾಕಿಕೊಂಡಿತ್ತು. 2001ರಲ್ಲಿ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಆಲ್ ಗ್ರಿಪ್ಪೋ 'ಮೆಗಾಸ್ಕ್ವರ್ಟ್' ಅನ್ನೋ ಕಿಟ್ ತಂದರು. ಬಿಡಿಭಾಗಗಳನ್ನು ನೀವೇ ಬೆಸುಗೆ ಹಾಕಿ, ಕಂಟ್ರೋಲ್ ಪೆಟ್ಟಿಗೆಯನ್ನೇ ಮನೆಯಲ್ಲಿ ಕಟ್ಟಿಕೊಳ್ಳಬಹುದು. ಎಷ್ಟು ಮಿಲಿಸೆಕೆಂಡ್ ತೆರೆಯಬೇಕು ಅನ್ನೋದನ್ನು ಲ್ಯಾಪ್‌ಟಾಪಿನಲ್ಲಿ ನೀವೇ ಬರೆಯಬಹುದು. ಯಾವ ಇಂಜಿನ್ನಿಗೆ ಯಾವ ಪೆಟ್ಟಿಗೆ ಅಂತ ಹುಡುಕೋ ಗೋಳಿನಿಂದ ಬಹಳ ಜನ ಪಾರಾದರು.

ನಮ್ಮೂರಿಗೂ ಈ ಕತೆಗೂ ಒಂದು ನಂಟಿದೆ. 1951ರಲ್ಲಿ ಶುರುವಾದ ಮೈಕೋ, ಬೆಂಗಳೂರಿನ ಆಡುಗೋಡಿಯಲ್ಲಿ ಬಾಷ್ ತಂತ್ರಜ್ಞಾನದಿಂದ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಪಂಪು-ನಾಜಲ್ಲುಗಳನ್ನೂ ಮಾಡುತ್ತಿತ್ತು. ಹಾಗಾಗಿ ನಮ್ಮ ಹಿರಿಯ ಮೆಕ್ಯಾನಿಕ್ಕುಗಳಿಗೆ ಇಂಜೆಕ್ಟರ್ ಅಂದರೆ ಲಾರಿಯದು, ವೈರೇ ಇಲ್ಲದ್ದು. 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಕಾರುಗಳಿಗೆ ಯೂರೋ ನಿಯಮ ಕಡ್ಡಾಯ ಮಾಡಿದ ಮೇಲೆ ಕಾರ್ಬ್ಯುರೇಟರ್ ಹಿಂದೆ ಸರಿದು, ಕಾರಿನ ಹಿಂಭಾಗದಲ್ಲಿ 'ಎಂಪಿಎಫ್‌ಐ' ಅನ್ನೋ ಅಕ್ಷರಗಳು ಹೊಳೆಯತೊಡಗಿದವು. ಮೈಕೋ 2008ರಲ್ಲಿ ಬಾಷ್ ಲಿಮಿಟೆಡ್ ಆಯ್ತು. ಆದರೂ ಮೈಕೋ ಲೇಔಟ್ ಮಾತ್ರ ಮೈಕೋ ಲೇಔಟೇ!

ಅಂದಹಾಗೆ ನಮ್ಮಲ್ಲಿ ಇಂಜಿನ್ ಬದಲಿಸೋಕೆ ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ನಮೂದಾಗಬೇಕು. ಒಪ್ಪಿಗೆ ಸಿಕ್ಕಿ ಕೆಲಸ ಶುರು ಮಾಡೋರು ಯಾರಾದರೂ ಇದನ್ನು ಓದುತ್ತಿದ್ದರೆ ಮೂರೇ ಮಾತು: ಮೊದಲು ಓಮ್ ಅಳೆಯಿರಿ. ಸ್ವಿಚ್ಚು ಪ್ಲಸ್ ಕಡೆಯೋ ಅರ್ಥ್ ಕಡೆಯೋ ನೋಡಿ. ಆಮೇಲೆ ಬ್ಯಾಟರಿ ಕೊಡಿ.