ಗಾಂಧಿ ಕ್ಲಾಸಿನವರಿಗೆ ಸಿನಿಮಾದಲ್ಲಿ ಎಷ್ಟು ಜಾಗ?

ಕನ್ನಡ ಚಿತ್ರರಂಗ ಮುಳುಗ್ತಿದೆ, ಉಳಿಸಿ ಅನ್ನೋ ಕೂಗು ಎಲ್ಲ ಕಡೆ ಕೇಳ್ತಿದೆ. ಬೆಂಗಳೂರಿನ ಕಪಾಲಿ 2017ರಲ್ಲಿ ಬಾಗಿಲು ಹಾಕಿತು. 50 ವರ್ಷ ನಡೆದ ಕಾವೇರಿ 2024ರಲ್ಲಿ ಮುಚ್ಚಿತು. ನನಗೂ ಸಂಕಟ ಇದೆ ಗೆಳೆಯರೇ. ಆದರೆ ಇದನ್ನ ಇಷ್ಟು ವರ್ಷ ಸಾಕಿದವರು ಯಾರು ಅನ್ನೋದನ್ನ ಮೊದಲು ಕೇಳಬೇಕು.

ಟೂರಿಂಗ್ ಟಾಕೀಸಿನ ಕಾಲ ನೆನಪಿಸಿಕೊಳ್ಳಿ. ಡೇರೆಯ ಹಿಂದೆ ಕುರ್ಚಿ, ನಡುವೆ ಬೆಂಚು, ಪರದೆ ಮುಂದೆ ಬರೀ ನೆಲ. ಆ ನೆಲದ ಹೆಸರೇ ಗಾಂಧಿ ಕ್ಲಾಸ್. ಕೂಲಿ ಮುಗಿಸಿ ಬಂದ ನಮ್ಮ ಕೇರಿಯವರು ಕೂರ್ತಿದ್ದದ್ದು ಅಲ್ಲೇ. ನಮ್ಮವ್ವ ಹೇಳೋಳು: "ಹೋಟ್ಲಲ್ಲಿ ನಮಗೆ ಬ್ಯಾರೆ ಲೋಟ, ಗುಡಿ ಒಳಕ್ಕೆ ಬಿಡ್ತಿರ್ಲಿಲ್ಲ. ಟೆಂಟಲ್ಲಿ ಮಾತ್ರ ಕಾಸು ಕೊಟ್ರೆ ಒಳಗೆ ಬಿಡೋರು." ಹಾಗಂತ ಜಾತಿ ಹೊರಗೆ ನಿಂತಿರಲಿಲ್ಲ. ಗೌಡ್ರು ಕುರ್ಚಿ ಮೇಲೆ, ನಾವು ಮಣ್ಣಲ್ಲಿ. ಆದರೂ ಒಂದೇ ಡೇರೆ, ದೀಪ ಆರಿದ ಮೇಲೆ ಒಂದೇ ಕತ್ತಲು. ಒಂದೇ ಚಿತ್ರವನ್ನ ನಾಲ್ಕಾರು ಸಲ ನೋಡಿ, ಶಿಳ್ಳೆ ಹೊಡೆದು, ನೂರು ದಿನ ಓಡಿಸಿದ್ದು ಈ ನೆಲದವರು.

ಪರದೆ ಮೇಲೆ ನಮಗೆ ಸಿಕ್ಕಿದ್ದೇನು? 1934ರ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಪುರಾಣದ ಕತೆ. 1954ರಲ್ಲಿ 'ಬೇಡರ ಕಣ್ಣಪ್ಪ' ಬಂತು, ರಾಜಕುಮಾರ್ ನಾಯಕರಾದರು. ಬೇಡನೊಬ್ಬ ಹೀರೋ ಆದದ್ದು ಸಣ್ಣ ಮಾತಲ್ಲ, ಕಪಟ ಪುರೋಹಿತನನ್ನೂ ಅದು ಬಯಲಿಗೆಳೆಯಿತು. ಆದರೆ ಆ ಬೇಡ ಶಾಪ ಹೊತ್ತು ಭೂಮಿಗೆ ಬಂದ ದೇವಲೋಕದವನು! ಬರೀ ಬೇಡನಾಗಿದ್ದರೆ ಸಾಲದಾಗಿತ್ತು.

1975ರಲ್ಲಿ ಬಿ.ವಿ. ಕಾರಂತರ 'ಚೋಮನ ದುಡಿ' ಬಂತು. ರಾಷ್ಟ್ರಪ್ರಶಸ್ತಿ ಬಂತು, ಚೋಮನಾದ ವಾಸುದೇವರಾವ್ ಅವರಿಗೂ ಬಂತು. ಆ ಚಿತ್ರದ ಬಗ್ಗೆ ನನಗೆ ಗೌರವವಿದೆ. ಆದರೆ ಅದರ ಮೂಲ ಶಿವರಾಮ ಕಾರಂತರ 1933ರ ಕಾದಂಬರಿ. ಉಳೋಕೆ ಭೂಮಿ ಸಿಗದೆ ದುಡಿ ಬಾರಿಸಿ ಸೋತ ಚೋಮ ಆತ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜೊತೆ ಬೀದಿಗಿಳಿದು ಭೂಮಿ ಕೇಳಿದ ಚೋಮನೂ ಇದ್ದನಲ್ಲ, ಅವನಿಗೆ ಪರದೆಯಲ್ಲಿ ಜಾಗ ಸಿಕ್ಕಿದ್ದು ಅಪರೂಪ.

ಪಕ್ಕದವರನ್ನ ನೋಡಿ. ಮರಾಠಿಯಲ್ಲಿ ನಾಗರಾಜ ಮಂಜುಳೆ, ತಮಿಳಿನಲ್ಲಿ ಪಾ. ರಂಜಿತ್, ಮಾರಿ ಸೆಲ್ವರಾಜ್ ತಮ್ಮ ಕೇರಿಯ ಕತೆ ತಾವೇ ಹೇಳಿದರು, ಜನ ಮುಗಿಬಿದ್ದು ನೋಡಿದರು. ನಮ್ಮವರು 2016ರ 'ಸೈರಾಟ್' ಹಕ್ಕು ತಂದು ಮರುವರ್ಷವೇ 'ಮನಸು ಮಲ್ಲಿಗೆ' ಮಾಡಿದರು. ನಾಯಕಿಯೂ ಅದೇ ರಿಂಕು ರಾಜಗುರು. ಕತೆ ಕೊಳ್ಳಬಹುದು, ಅದನ್ನ ಬದುಕಿದವನ ಕಣ್ಣು ಕೊಳ್ಳೋಕಾಗಲ್ಲ. 2022ರಲ್ಲಿ 'ಕಾಂತಾರ'ವನ್ನ ದೇಶವೇ ನೋಡಿತು. ತುಳುನಾಡಲ್ಲಿ ತಲೆಮಾರುಗಳಿಂದ ದೈವ ಕಟ್ಟುತ್ತಾ ಬಂದಿರೋರು ನಲಿಕೆ, ಪಂಬದ, ಪರವರು. ಅವರ ಮನೆ ಮಕ್ಕಳು ನಮ್ಮ ಚಿತ್ರರಂಗದಲ್ಲಿ ಕ್ಯಾಮೆರಾ ಹಿಂದೆ ಎಷ್ಟು ಜನ ಇದ್ದಾರೆ?

ಈಗ ಮಲ್ಟಿಪ್ಲೆಕ್ಸಲ್ಲಿ ಆ ನೆಲವೂ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟ್ ತಡೆ ಕೊಟ್ಟಿತು. ನಾಲ್ಕು ಜನರ ಮನೆಗೆ 200 ಅಂದರೂ 800. ಒಂದು ದಿನದ ಕೂಲಿಗೆ ಅದು ಸಿಗುತ್ತಾ? ಜನ ಥಿಯೇಟರಿಗೆ ಬರ್ತಿಲ್ಲ ಅಂತ ದೂರೋರು ಮೊದಲು ಇದನ್ನ ಲೆಕ್ಕ ಹಾಕಲಿ.

ಮೈಸೂರಲ್ಲಿ ಚಿತ್ರನಗರಿ ಕಟ್ತಾರಂತೆ. ಕಟ್ಟಲಿ, ಗಾರೆ ಕಲಸೋರು ಹೇಗೂ ನಾವೇ. ಆದರೆ ತಾಲ್ಲೂಕಿಗೊಂದು ಕಡಿಮೆ ದರದ ಚಿತ್ರಮಂದಿರ ಬೇಕು. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಸಂಸ್ಥೆಯಲ್ಲಿ ಕಲಿಯೋ ನಮ್ಮ ಹುಡುಗ ಹುಡುಗೀರಿಗೆ ಬದುಕೋಕೆ ಸಾಕಾಗುವಷ್ಟು ವಿದ್ಯಾರ್ಥಿವೇತನ ಬೇಕು. ಯಾವ ಚಿತ್ರಕ್ಕೆ ಸಬ್ಸಿಡಿ ಅಂತ ತೀರ್ಮಾನಿಸೋ ಸಮಿತಿಗಳಲ್ಲಿ ನಮ್ಮವರು ಕೂರಬೇಕು.

ತೊಂಬತ್ತು ವರ್ಷ ಟಿಕೆಟ್ ಕೊಂಡು ಚಿತ್ರರಂಗ ಸಾಕಿದ್ದೀವಿ. ಈಗ ಕತೆ ಬರೆಯೋ ಕೋಣೆಯ ಬಾಗಿಲು ತೆಗೀರಿ. ನಿಮ್ಮ ಚಿತ್ರರಂಗ ಉಳಿಯೋ ದಾರಿಯೂ ಅಲ್ಲೇ ಇದೆ.

ಜೈ ಭೀಮ್.