ನಮ್ಮ ಸೀಮೆಯ ಆಟಗಳೂ ಪ್ರೇಕ್ಷಕರ ಕಥಾಸೃಷ್ಟಿಯೂ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಮೊಮ್ಮಗಳು ಮೂರು ದಿನಗಳವರೆಗೆ ಊಟದ ತಟ್ಟೆಯ ಮುಂದೆ ಮುಖ ಬಾಡಿಸಿಕೊಂಡು ಕುಳಿತಿದ್ದಳು. ಹತ್ತಿರದ ಬಂಧುಗಳಲ್ಲಿ ಯಾರೋ ತೀರಿಕೊಂಡಂತೆ ಅವಳ ಮೋರೆಯು ಕಾಣುತ್ತಿದ್ದಿತು. ವಿಚಾರಿಸಲಾಗಿ, ತೀರಿಕೊಂಡವನು ಜಪಾನ್ ದೇಶದವರು ಬರೆದು ಚಲಿಸುವಂತೆ ಮಾಡಿದ ಚಿತ್ರಕಥೆಯೊಂದರ ನಾಯಕನೆಂದು ತಿಳಿಯಿತು. ಇಂತಹ ಚಿತ್ರಗಳಿಗೆ ‘ಅನಿಮೆ’ ಎಂದು ಹೆಸರಂತೆ. ನಾಲ್ಕನೆಯ ದಿನ ಅವಳ ಮುಖವು ತಾನಾಗಿಯೇ ಅರಳಿತು. ಕಾರಣವನ್ನು ಕೇಳಿದರೆ, “ಅಜ್ಜಾ, ಅವ ಸಾಯಬಾರದಿತ್ತು. ಅದಕ್ಕ ನಾನು ಬ್ಯಾರೆ ಕಥಿ ಬರದೀನಿ. ಅದರಾಗ ಅವ ಬದುಕ್ಯಾನ” ಎಂದಳು.

ಈ ಮಾತಿಗೆ ಉತ್ತರವಾಗಿ ‘ಅಮೂಲ’ ಎಂಬ ಶಬ್ದವು ನನ್ನ ನಾಲಗೆಯ ತುದಿಯವರೆಗೂ ಬಂದಿದ್ದಿತು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವರಿಗೆ ಈ ಶಬ್ದವು ಬೇಗನೆ ಒದಗುತ್ತದೆ. ಮೂಲದಲ್ಲಿಲ್ಲದುದನ್ನು ಏನೊಂದನ್ನೂ ಬರೆಯೆನೆಂದು ಪ್ರತಿಜ್ಞೆಮಾಡಿದ ಮಲ್ಲಿನಾಥಸೂರಿಯ ವ್ಯಾಖ್ಯಾನಗಳನ್ನು ಹಿಡಿದು ಕಾವ್ಯವನ್ನು ಓದಿದವರು ನಾವು. ಆದರೆ ಅದೇ ಶಬ್ದವನ್ನು ಹಿಂದೊಮ್ಮೆ ಬಳಸಿ ನಾನು ಪಟ್ಟ ಪಶ್ಚಾತ್ತಾಪವು ನೆನಪಾಗಿ ಸುಮ್ಮನಾದೆನು. ಆ ಸಂಗತಿಯನ್ನು ಮುಂದೆ ಅರಿಕೆಮಾಡುವೆನು. ಅಂದು ರಾತ್ರಿ ಯೋಚಿಸುತ್ತ ಹೋದಂತೆ, ಮೊಮ್ಮಗಳಿಗೆ ಹಿಡಿದಿರುವ ಮೂರು ಹುಚ್ಚುಗಳೂ, ಎಂದರೆ ಚಲಿಸುವ ಚಿತ್ರದ ಹುಚ್ಚು, ಅದರ ಹಾಡಿನ ಹುಚ್ಚು, ಕಥೆಯನ್ನು ತಾನೇ ಮುಂದುವರಿಸುವ ಹುಚ್ಚು, ಇವು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನಮ್ಮ ಸೀಮೆಗೆ ಬಹು ಹಳೆಯವೆಂದು ತೋರಿತು.

ಮೊದಲು ಚಿತ್ರದ ವಿಷಯವನ್ನು ನೋಡೋಣ. ಸಿನಿಮಾ ಎಂಬುದು ಹುಟ್ಟುವುದಕ್ಕೆ ಬಹುಕಾಲ ಮುಂಚಿನಿಂದಲೇ ಬಳ್ಳಾರಿಯ ಸುತ್ತಣ ಹಳ್ಳಿಗಳಲ್ಲಿ ಬಿಳಿಯ ಪರದೆಯ ಮೇಲೆ ಬಣ್ಣದ ಚಿತ್ರಗಳು ಕುಣಿಯುತ್ತಿದ್ದುವು. ತೊಗಲುಗೊಂಬೆಯಾಟವೆಂದರೆ ಇದೇ. ಹದಮಾಡಿದ ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ಅದರ ಮೇಲೆ ದೇವತೆಗಳನ್ನೂ ವೀರರನ್ನೂ ಬರೆದು, ಆಭರಣಗಳಿರುವ ಕಡೆ ಸಣ್ಣ ಸಣ್ಣ ರಂಧ್ರಗಳನ್ನು ಕೊರೆದು, ಬಣ್ಣ ತುಂಬಿ, ಕಡ್ಡಿಗೆ ಕಟ್ಟಿ ದೀಪಕ್ಕೂ ಪರದೆಗೂ ನಡುವೆ ಹಿಡಿಯುವರು. ಒಂದೇ ಪಾತ್ರಕ್ಕೆ ಅವಸ್ಥೆಗೊಂದರಂತೆ ಬೇರೆ ಬೇರೆ ಗೊಂಬೆಗಳುಂಟು. ರಾಜ್ಯದಲ್ಲಿರುವ ರಾಮನೇ ಬೇರೆ, ವನವಾಸದ ರಾಮನೇ ಬೇರೆ. ಜಪಾನಿನವರು ಒಂದು ಕ್ಷಣದ ಚಲನೆಗೆ ಎಂಟು ಚಿತ್ರಗಳನ್ನಾದರೂ ಬರೆಯುವರಂತೆ. ನಮ್ಮವರು ಒಂದು ಕಾಂಡಕ್ಕೆ ಎರಡು ಮೂರು ಚಿತ್ರಗಳಲ್ಲಿ ಮುಗಿಸಿ, ಉಳಿದುದನ್ನು ನೋಡುವವರ ಮನಸ್ಸಿಗೆ ಬಿಡುತ್ತಿದ್ದರು. ಲೆಕ್ಕದಲ್ಲಿ ವ್ಯತ್ಯಾಸವಿದ್ದರೂ ಉಪಾಯವು ಒಂದೇ ಜಾತಿಯದು.

ಈ ವಿದ್ಯೆಯನ್ನು ಕಾಪಾಡಿದವರು ಕಿಳ್ಳೇಕ್ಯಾತ ಅಥವಾ ಶಿಳ್ಳೇಕ್ಯಾತ ಜನಾಂಗದವರು. ಮನೆಯಲ್ಲಿ ಮರಾಠಿಯ ಒಂದು ಭೇದವನ್ನು ಆಡಿದರೂ ಪರದೆಯ ಹಿಂದೆ ಅವರ ನುಡಿಯು ಅಚ್ಚ ಕನ್ನಡವೇ. ಗಂಡಸರು ಗೊಂಬೆ ಹಿಡಿದರೆ ಹೆಂಗಸರೂ ದನಿಗೂಡಿಸಿ ಹಾಡುವರು. ಮಳೆ ತಡೆದ ವರ್ಷ ಊರವರು ಇವರನ್ನು ಕರೆಯಿಸಿ ಆಟವಾಡಿಸುತ್ತಿದ್ದುದೂ ಉಂಟು. ಗೊಂಬೆಯಾಟವಾಡಿದರೆ ಮಳೆ ಬರುವುದೆಂಬುದು ಹಳ್ಳಿಗರ ನಂಬಿಕೆ. ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಎಂಬ ವೃದ್ಧೆಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ದೊರೆಯಿತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣವಲ್ಲದೆ ಮಹಾತ್ಮಾ ಗಾಂಧಿಯವರ ಚರಿತ್ರೆಯನ್ನೂ ತೊಗಲುಗೊಂಬೆಗಳಲ್ಲಿ ಆಡಿಸಿ ತೋರಿಸಿ, 2023ರಲ್ಲಿ ದಿವಂಗತರಾದರು. ರಾಮನನ್ನು ಆಡಿಸುವ ಪರದೆಯ ಮೇಲೆ ಗಾಂಧಿಯವರನ್ನು ತಂದರೆ ಅದು ಅಮೂಲವೋ ಸಮೂಲವೋ ಎಂದು ಯಾವ ಪ್ರೇಕ್ಷಕನೂ ಕೇಳಲಿಲ್ಲ.

ಗೊಂಬೆಯಾಟದಲ್ಲಿ ಕಿಳ್ಳೇಕ್ಯಾತನೆಂಬ ಹಾಸ್ಯಗಾರನೂ ಅವನ ಹೆಂಡತಿಯಾದ ಬಂಗಾರಕ್ಕನೂ ಆಗಾಗ ನುಗ್ಗಿಬರುವರು. ವಾಲ್ಮೀಕಿಗಳಾಗಲಿ ವ್ಯಾಸರಾಗಲಿ ಇವರನ್ನು ಕಂಡವರಲ್ಲ. ಕುರುಕ್ಷೇತ್ರದ ನಡುವೆ ನಿಂತು ಇವರು ಊರ ಗೌಡನ ಜಿಪುಣತನವನ್ನು ಕುರಿತು ಮಾತನಾಡಬಲ್ಲರು. ಹುಡುಗರು ರಾತ್ರಿಯೆಲ್ಲ ಎಚ್ಚರವಾಗಿರುತ್ತಿದ್ದುದು ಇವರಿಗಾಗಿಯೇ.

ಇನ್ನು ಹಾಡಿನ ವಿಷಯ. ನಮ್ಮ ಸೀಮೆಯು ಆಡಳಿತದ ಲೆಕ್ಕದಲ್ಲಿ ಬಹಳ ಕೈಗಳನ್ನು ಕಂಡಿದೆ. ಮದರಾಸು ಪ್ರಾಂತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು 1953ನೆಯ ಅಕ್ಟೋಬರ್ 1ರಂದು ಮೈಸೂರಿಗೆ ಸೇರಿದುವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ನೆರೆಯ ತಾಲ್ಲೂಕುಗಳೊಡನೆ ವಿಜಯನಗರ ಜಿಲ್ಲೆಯದಾಯಿತು. ಆದರೆ ಬಯಲಾಟದ ಸೀಮೆಯು ಒಂದು ದಿನವೂ ಒಡೆಯಲಿಲ್ಲ. ಸುಗ್ಗಿ ಮುಗಿದ ಬಳಿಕ ರೈತರು ತಿಂಗಳುಗಟ್ಟಲೆ ತಾಲೀಮು ಮಾಡಿ, ಊರ ಬಯಲಿನಲ್ಲಿ ಅಟ್ಟ ಕಟ್ಟಿ, ಕಿರೀಟ, ಭುಜಕೀರ್ತಿ, ಎದೆಹಾರಗಳನ್ನು ಧರಿಸಿ, ಮದ್ದಳೆಯ ಪೆಟ್ಟಿಗೆ ಗೆಜ್ಜೆಯ ಕಾಲನ್ನು ಹಾಕಿ ಕುಣಿದರೆಂದರೆ, ಗಣಪತಿಯ ಸ್ತುತಿಯಿಂದ ಮಂಗಳದವರೆಗೆ ಇರುಳು ಸಾಲದು. ಸಾರಥಿಯು ಬಂದ ಬಂದ ಪಾತ್ರವನ್ನೆಲ್ಲ ಹೆಸರೇನು, ಊರೇನು, ಬಂದ ಕಾರ್ಯವೇನು ಎಂದು ವಿಚಾರಿಸುವನು. ಅಕ್ಷರ ಬಾರದ ರೈತನು ಹಗಲು ನೇಗಿಲು ಹಿಡಿದು ರಾತ್ರಿ ದುರ್ಯೋಧನನಾಗಿ, ನಾವು ಪಾಠಶಾಲೆಯಲ್ಲಿ ಎಡವುತ್ತಿದ್ದ ಉದ್ದ ಸಮಾಸಗಳನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಿದ್ದನು. ಆಟ ಮುಗಿದ ಮೇಲೂ ಆ ಹಾಡುಗಳು ಹೊಲದಲ್ಲಿಯೂ ಕಣದಲ್ಲಿಯೂ ವರ್ಷಪೂರ್ತಿ ಕೇಳುತ್ತಿದ್ದುವು. ಮೊಮ್ಮಗಳು ಅರ್ಥವರಿಯದ ಜಪಾನೀ ಹಾಡನ್ನು ಬಾಯಿಪಾಠ ಮಾಡಿ ಪಾತ್ರೆ ತೊಳೆಯುವಾಗ ಗುನುಗುವುದನ್ನು ಕೇಳಿದಾಗ, ಎತ್ತಿನ ಹಿಂದೆ ಕರ್ಣಪರ್ವದ ಪದ ಹಾಡುತ್ತಿದ್ದವರ ನೆನಪು ಬರುತ್ತದೆ.

ಮೂರನೆಯದಾದ ಕಥೆ ಮುಂದುವರಿಸುವ ವಿಷಯಕ್ಕೆ ಬರೋಣ. ನಮ್ಮ ಕಡೆಯ ಆಟಗಳಲ್ಲಿ ಜನಪ್ರಿಯವಾದ ಕೃಷ್ಣಾರ್ಜುನ ಕಾಳಗವು ವ್ಯಾಸಭಾರತದಲ್ಲಿಲ್ಲ. ಆಕಾಶದಲ್ಲಿ ಹೋಗುತ್ತಿದ್ದ ಗಯನೆಂಬ ಗಂಧರ್ವನಿಂದ, ಅರ್ಘ್ಯ ಕೊಡುತ್ತಿದ್ದ ಕೃಷ್ಣನಿಗೆ ಅಪಚಾರವಾಗುತ್ತದೆ. ಅವನನ್ನು ಕೊಲ್ಲುವೆನೆಂದು ಕೃಷ್ಣನ ಪ್ರತಿಜ್ಞೆ; ವಿಷಯವನ್ನರಿಯದೆ ಅವನಿಗೆ ಅಭಯ ಕೊಟ್ಟವನು ಅರ್ಜುನ. ಗೀತೆಯನ್ನು ಹೇಳಿದವನೂ ಕೇಳಿದವನೂ ಎದುರೆದುರು ನಿಂತರೆ ಏನಾದೀತೆಂದು ಯಾವನೋ ಪ್ರೇಕ್ಷಕನಿಗೆ ಕುತೂಹಲ ಹುಟ್ಟಿರಬೇಕು. ಆ ಕುತೂಹಲದಿಂದ ಅಣ್ಣನಿಗೂ ಗಂಡನಿಗೂ ನಡುವೆ ನಿಂತ ಸುಭದ್ರೆಯ ಸಂಕಟವು ನಮಗೆ ದೊರೆಯಿತು.

ಕುಮಾರರಾಮನ ಕಥೆಯು ನಮಗೆ ಇನ್ನೂ ಹತ್ತಿರದ್ದು. ಬಳ್ಳಾರಿ ಜಿಲ್ಲೆಯ ಕಂಪಿಲಿಯ ರಾಜ್ಯವು 1327ರ ಸುಮಾರಿನಲ್ಲಿ ಮಹಮ್ಮದ್ ಬಿನ್ ತುಘಲಕನ ಸೈನ್ಯಕ್ಕೆ ಸೋತು ಅಳಿಯಿತು. ಇತಿಹಾಸವು ಇಷ್ಟನ್ನು ಹೇಳಿ ಮುಂದೆ ಸಾಗುತ್ತದೆ. ಜನರಾದರೋ ಆ ವೀರನನ್ನು ಬಿಟ್ಟುಕೊಡಲಿಲ್ಲ. 16ನೆಯ ಶತಮಾನದಲ್ಲಿ ನಂಜುಂಡಕವಿಯು ಅವನನ್ನು ಸಾಂಗತ್ಯದಲ್ಲಿ ಹಾಡಿದನು. ಬಯಲಾಟದವರು ಅವನನ್ನು ಕುಣಿಸಿದರು. ಮಲತಾಯಿಯ ದೂರನ್ನು ನಂಬಿ ತಂದೆಯು ಮಗನ ತಲೆಯನ್ನು ಕಡಿಯಹೇಳಿದಾಗ, ಮಂತ್ರಿಯು ಬೇರೊಂದು ತಲೆಯನ್ನು ತೋರಿಸಿ ಕುಮಾರನನ್ನು ಬಚ್ಚಿಡುವನಷ್ಟೆ. “ಅವ ಸಾಯಬಾರದಿತ್ತು” ಎಂಬ ಮೊಮ್ಮಗಳ ಮಾತನ್ನೇ ಆ ಮಂತ್ರಿಯೂ ತನ್ನ ರೀತಿಯಲ್ಲಿ ಆಡಿದನೆಂದು ಈಗ ನನಗೆ ತೋರುತ್ತದೆ.

ಹೆಂಗಸರೂ ಈ ಕೆಲಸದಲ್ಲಿ ಹಿಂದುಳಿಯಲಿಲ್ಲ. 19ನೆಯ ಶತಮಾನದಲ್ಲಿ ಹರಪನಹಳ್ಳಿಯ ಭೀಮವ್ವನವರು ‘ಭೀಮೇಶಕೃಷ್ಣ’ ಎಂಬ ಅಂಕಿತದಲ್ಲಿ ಹಾಡುಗಳನ್ನು ರಚಿಸಿ, ನಳಚರಿತ್ರೆಯಂತಹ ಪುರಾಣಕಥೆಗಳನ್ನು ಅಡಿಗೆಮನೆಯಲ್ಲಿ ಹಾಡಿಕೊಳ್ಳುವ ಕನ್ನಡಕ್ಕೆ ಇಳಿಸಿದರು. ಅವರಿಗಿಂತ ಹಿಂದಿನವರಾದ ಗಲಗಲಿ ಅವ್ವನವರು ಮುಯ್ಯದ ಹಾಡಿನಲ್ಲಿ ಕೃಷ್ಣನ ಮಡದಿಯರಿಗೂ ದ್ರೌಪದೀ ಸುಭದ್ರೆಯರಿಗೂ ಬೀಗಿತಿಯರ ಮಾತಿನ ಜಟಾಪಟಿಯನ್ನು ಹಚ್ಚಿದರು. ಪುರಾಣದ ರಾಣಿಯರು ಅಲ್ಲಿ ನಮ್ಮ ಮದುವೆಮನೆಯ ಹೆಂಗಸರಂತೆಯೇ ಕೊಂಕು ನುಡಿಯುವರು.

ಇವೆಲ್ಲವೂ ಅನಕ್ಷರಸ್ಥರ ಸ್ವೇಚ್ಛೆಯೆಂದು ಪಂಡಿತರು ಹೇಳಬಹುದು. ನಾನೂ ಹಾಗೆಯೇ ಹೇಳುತ್ತಿದ್ದೆನು. ಆದರೆ ಶಾಸ್ತ್ರವು ಪಂಡಿತರ ಪಕ್ಷದಲ್ಲಿಲ್ಲ. ಕಥಾವಸ್ತುವು ಪ್ರಖ್ಯಾತ, ಉತ್ಪಾದ್ಯ, ಮಿಶ್ರವೆಂದು ಮೂರು ಬಗೆಯೆಂದು ಧನಂಜಯನು ದಶರೂಪಕದಲ್ಲಿ ಹೇಳಿರುವನು. ಪ್ರಸಿದ್ಧಕಥೆಯೊಳಗೆ ಕವಿಯು ಹೊಸದಾಗಿ ಕಲ್ಪಿಸಿ ಸೇರಿಸುವ ಸಣ್ಣ ಅಂಶದಿಂದಲೇ ಕಾವ್ಯಕ್ಕೆ ಲಾವಣ್ಯವೆಂದು ಕುಂತಕನು ವಾದಿಸಿ, ಶಾಕುಂತಲದ ದುರ್ವಾಸಶಾಪವನ್ನು ಅದಕ್ಕೆ ಉದಾಹರಿಸಿರುವನು. ಭಾರತದ ಶಕುಂತಲೋಪಾಖ್ಯಾನದಲ್ಲಿ ಆ ಶಾಪವೂ ಇಲ್ಲ, ಉಂಗುರವೂ ಇಲ್ಲ. ಭವಭೂತಿಯಂತೂ ಉತ್ತರರಾಮಚರಿತದ ಮೊದಲ ಅಂಕದಲ್ಲಿ ಸೀತಾರಾಮರನ್ನು ಅವರದೇ ಕಥೆಯ ಚಿತ್ರಗಳ ಮುಂದೆ ನಿಲ್ಲಿಸಿ ಅಳಿಸುವನು. ಕೊನೆಯ ಅಂಕದಲ್ಲಿ ನಾಟಕದೊಳಗೊಂದು ನಾಟಕವನ್ನು ಆಡಿಸಿ, ವಾಲ್ಮೀಕಿಗಳು ಭೂಮಿಗೆ ಒಪ್ಪಿಸಿದ ಸೀತೆಯನ್ನು ರಾಮನಿಗೆ ಮರಳಿ ಕೊಡುವನು. ಚಿತ್ರವನ್ನು ನೋಡಿ ಅತ್ತು, ಸಂತೋಷದ ಮುಕ್ತಾಯವನ್ನು ತಾನೇ ಬರೆದುಕೊಳ್ಳುವ ಮೊಮ್ಮಗಳಿಗೂ ಭವಭೂತಿಗೂ ಪ್ರತಿಭೆಯಲ್ಲಿ ಅಜಗಜಾಂತರವಿದ್ದರೂ ಹೃದಯದಲ್ಲಿ ಅಂತರವು ಕಡಮೆ. ನಮ್ಮ ಆದಿಕವಿಯಾದ ಪಂಪನು 941ರಲ್ಲಿ ತನ್ನ ಒಡೆಯನಾದ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ, ದ್ರೌಪದಿಯನ್ನು ಅವನೊಬ್ಬನಿಗೇ ಮದುವೆಮಾಡಿಸಿ, ಪಟ್ಟವನ್ನೂ ಅವನಿಗೇ ಕಟ್ಟಿದನು. ಇದಕ್ಕಿಂತ ದೊಡ್ಡ ಅಭಿಮಾನಿಯು ಎಲ್ಲಿದ್ದಾನು?

ಹೊರದೇಶಗಳಲ್ಲಿಯೂ ಹೀಗೆಯೇ. ಜಾವಾ ದ್ವೀಪದ ತೊಗಲುಗೊಂಬೆಯವರು ಭಾರತ ರಾಮಾಯಣಗಳ ಕಥೆಗಳ ಜೊತೆಗೆ, ಮೂಲದಲ್ಲಿಲ್ಲದ ಕಥೆಗಳನ್ನೂ ಆಡುವರು. ಇಂತಹ ಕಥೆಗೆ ಅವರು ‘ಚರಂಗನ್’, ಎಂದರೆ ರೆಂಬೆ, ಎಂದು ಹೆಸರಿಟ್ಟಿರುವರು. ನಾನು ‘ಅಮೂಲ’ವೆಂದು ಬೇರಿಲ್ಲದುದಾಗಿ ಎಣಿಸಿದ್ದನ್ನು ಅವರು ಮರದ ಅಂಗವೆಂದೇ ಬಗೆದರು. ಜಪಾನಿನಲ್ಲಿ ಓದುಗರೇ ಬರೆದು ಅಚ್ಚುಮಾಡಿಕೊಳ್ಳುವ ಪುಸ್ತಕಗಳಿಗೆ ‘ದೋಜಿನ್‌ಶಿ’ ಎಂದು ಹೆಸರು. ಅವುಗಳ ಸಂತೆಯು 1975ರ ಡಿಸೆಂಬರಿನಲ್ಲಿ ಟೋಕಿಯೋ ನಗರದಲ್ಲಿ ಸುಮಾರು 700 ಜನರಿಂದ ಆರಂಭವಾಗಿ, ಇಂದು ಲಕ್ಷಗಟ್ಟಲೆ ಜನ ಸೇರುವ ಜಾತ್ರೆಯಾಗಿದೆ. ಅದೇ ದೇಶದ ಯೂಗೋ ಸಾಕೋ ಎಂಬುವರು ನಮ್ಮ ರಾಮಕಥೆಗೆ ಮನಸೋತು, ನಮ್ಮ ರಾಮಮೋಹನ್ ಎಂಬ ಚಿತ್ರಕಾರರೊಡಗೂಡಿ 1992ರಲ್ಲಿ ಅದನ್ನು ಅನಿಮೆಯಾಗಿ ಸಿದ್ಧಪಡಿಸಿದರು. 2025ರ ಜನವರಿಯಲ್ಲಿ ಅದು ನಮ್ಮ ದೇಶದ ಚಿತ್ರಮಂದಿರಗಳಲ್ಲಿ ತೆರೆಕಂಡಿತು. ಅದರ ಇಂಗ್ಲಿಷ್ ಪ್ರತಿಯಲ್ಲಿ ಹಾಡುಗಳು ಸಂಸ್ಕೃತದಲ್ಲಿವೆ. ಮೊಮ್ಮಗಳು ಅದನ್ನು ತೋರಿಸಿದಾಗ, ಚಿತ್ರವನ್ನು ಅವಳೂ ವಿಭಕ್ತಿಗಳನ್ನು ನಾನೂ ಗಮನಿಸುತ್ತ ಕುಳಿತೆವು.

ಈಗ ನನ್ನ ತಪ್ಪನ್ನು ಹೇಳಬೇಕು. ಸುಮಾರು ಮೂವತ್ತು ವರ್ಷಗಳ ಹಿಂದೆ, ಬಯಲಾಟದ ಮನೆತನದ ಹುಡುಗನೊಬ್ಬನು ನನ್ನ ತರಗತಿಯಲ್ಲಿದ್ದನು. ಕರ್ಣನನ್ನು ಕುರಿತು ಪ್ರಬಂಧ ಬರೆಯಹೇಳಿದರೆ, ಯುದ್ಧದ ಹಿಂದಿನ ರಾತ್ರಿ ಕರ್ಣನ ಹೆಂಡತಿಯು ಗಂಡನನ್ನು ತಡೆದು ಆಡಿದ ಮಾತುಗಳನ್ನು ಎರಡು ಪುಟ ಬರೆದು ತಂದನು. ವ್ಯಾಸಭಾರತದಲ್ಲಿ ಆಕೆಯು ಬರುವುದು ಸ್ತ್ರೀಪರ್ವದಲ್ಲಿ ಅಳುವುದಕ್ಕೆ ಮಾತ್ರ. ನಾನು ಕೆಂಪು ಮಸಿಯಲ್ಲಿ ‘ಅಮೂಲ’ ಎಂದು ಬರೆದು ಎರಡೂ ಪುಟಗಳನ್ನು ಹೊಡೆದುಹಾಕಿದೆನು. ಮರುದಿನ ಅವನು ಬಟ್ಟೆಯಲ್ಲಿ ಸುತ್ತಿದ ಕಟ್ಟೊಂದನ್ನು ತಂದು, “ಮೂಲ ಇಲ್ಲೈತಿ ನೋಡ್ರಿ ಸರ್, ನಮ್ಮಜ್ಜ ಬರದದ್ದು” ಎಂದನು. ಆಟದ ಕೈಬರಹದ ಪ್ರತಿಯದು. ನಾಲ್ಕು ಹಾಳೆ ತಿರುವಿ, ಹ್ರಸ್ವದೀರ್ಘಗಳ ತಪ್ಪುಗಳನ್ನು ಎಣಿಸಿ, ಹಿಂದಕ್ಕೆ ಕೊಟ್ಟೆನು.

ಬಹಳ ವರ್ಷಗಳ ಬಳಿಕ, ಕುಂತಕನನ್ನು ಮತ್ತೆ ಓದುವಾಗ ಆ ಎರಡು ಪುಟಗಳು ನೆನಪಿಗೆ ಬಂದುವು. ಹುಡುಕಿಕೊಂಡು ಅವನ ಊರಿಗೆ ಹೋದೆನು. ಹುಡುಗನು ಗೃಹಸ್ಥನಾಗಿದ್ದನು, ಅಜ್ಜನು ತೀರಿಹೋಗಿದ್ದನು. ಕಟ್ಟನ್ನು ಕೇಳಿದೆನು. ಹಳೆಯ ಮನೆಯ ಗೋಡೆ ಮಳೆಗೆ ಬಿದ್ದಾಗ ಅದೂ ಮಣ್ಣಾಯಿತಂತೆ. ಎತ್ತಿಡಲಿಲ್ಲವೇ ಎಂದು ಕೇಳಿದುದಕ್ಕೆ ಅವನು ಸಿಟ್ಟಿಲ್ಲದೆ, “ಅದು ಮೂಲದಾಗ ಇಲ್ಲಂತ ನೀವ ಹೇಳಿದ್ರಲ್ರೀ ಸರ್” ಎಂದನು. ಕರ್ಣನ ಹೆಂಡತಿಯು ಆ ರಾತ್ರಿ ಏನೆಂದಳೆಂಬುದು ಈಗ ಅವನಿಗೂ ಪೂರ್ತಿ ನೆನಪಿಲ್ಲ, ನನಗಂತೂ ಒಂದು ಪದವೂ ನೆನಪಿಲ್ಲ.

ವಾಚಕ ಮಹಾಶಯರಲ್ಲಿ ನನ್ನ ವಿನಂತಿಯಿಷ್ಟೆ. ತಮ್ಮ ಮನೆಯ ಅಟ್ಟದ ಮೇಲೆ, ಹಳೆಯ ಪೆಟ್ಟಿಗೆಯಲ್ಲಿ, ಆಟದ ಪ್ರತಿಯಾಗಲಿ ಅಜ್ಜಿಯ ಹಾಡಿನ ಪುಸ್ತಕವಾಗಲಿ ಇದ್ದರೆ, ಅದು ಶುದ್ಧವೋ ಅಶುದ್ಧವೋ, ಮೂಲದಲ್ಲಿದೆಯೋ ಇಲ್ಲವೋ ಎಂಬ ವಿಚಾರವನ್ನು ಆಮೇಲೆ ಮಾಡೋಣ. ಮೊದಲು ಅದನ್ನು ತೇವವಿಲ್ಲದ ಕಡೆ ತೆಗೆದಿಡಿರಿ, ಪ್ರತಿ ಮಾಡಿಸಿರಿ. 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ನಮಗೆ ಸಮೀಪದ ಹಂಪಿಯಲ್ಲಿಯೇ ಇದ್ದು, ಹಸ್ತಪ್ರತಿಗಳಿಗಾಗಿ ಅಲ್ಲಿ ಒಂದು ವಿಭಾಗವೇ ಉಂಟು. ಹಾಡಬಲ್ಲ ವೃದ್ಧರಿದ್ದರೆ ಅವರ ಬಾಯಿಂದ ಬರೆದುಕೊಳ್ಳಿರಿ.

ಮೊಮ್ಮಗಳು ರಜೆ ಮುಗಿಸಿ ಹೊರಡುವ ಹಿಂದಿನ ದಿನ ತನ್ನ ಕಥೆಯನ್ನು ಓದಿ ತೋರಿಸಿದಳು. ಕಾಗುಣಿತದ ತಪ್ಪುಗಳು ಬಹಳವಿದ್ದುವು. ಅವುಗಳನ್ನು ಸೀಸದ ಕಡ್ಡಿಯಿಂದ ತಿದ್ದಿದೆನು. ಆ ಜಪಾನೀ ವೀರನು ಬದುಕಿ ಉಳಿದು, ತನ್ನ ತಾಯಿಯ ಮನೆಗೆ ಹೋಗಿ ಊಟಮಾಡುವಲ್ಲಿಗೆ ಕಥೆಯು ಮುಗಿದಿತ್ತು. ಊಟಕ್ಕೆ ಜೋಳದ ರೊಟ್ಟಿಯನ್ನು ಬಡಿಸಿದ್ದಳು. ನಾನು ಅದನ್ನು ತಿದ್ದಲಿಲ್ಲ. ಕೊನೆಯಲ್ಲಿ ಅವಳ ಹೆಸರನ್ನೂ ಊರನ್ನೂ ತಿಥಿಯನ್ನೂ ಬರೆಯಿಸಿ, ಪುಸ್ತಕವನ್ನು ನನ್ನ ಶಾಕುಂತಲದ ಪಕ್ಕದಲ್ಲಿ ಇಟ್ಟಿರುವೆನು.