ಮಸಿಯ ಕಲೆಯೂ ಮನುಷ್ಯನ ಮನಸ್ಸೂ

ಕಾಗದದ ಮೇಲೆ ಮಸಿ ಚೆಲ್ಲಿ, ಮಡಚಿ, ಬಿಡಿಸಿದಾಗ ಮೂಡುವ ಚಿತ್ತಾರವನ್ನು ಬಾಲ್ಯದಲ್ಲಿ ನೀವೂ ಕಂಡಿರಬಹುದು. ಆ ಆಟವನ್ನೇ ವ್ಯಕ್ತಿತ್ವವನ್ನರಿಯುವ ಸಾಧನವಾಗಿಸಿದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್. ಹೆರಿಸಾವ್ ಪಟ್ಟಣದ ಆಸ್ಪತ್ರೆಯಲ್ಲಿ ಸೇವೆಯಲ್ಲಿದ್ದ ಅವರು 405 ಮಂದಿಯನ್ನು ಪರೀಕ್ಷಿಸಿ, 1921ರಲ್ಲಿ ‘ಸೈಕೊಡಯಾಗ್ನೋಸ್ಟಿಕ್’ ಎಂಬ ಗ್ರಂಥವನ್ನು 10 ಚಿತ್ರಫಲಕಗಳೊಂದಿಗೆ ಪ್ರಕಟಿಸಿದರು. ನೋಡುವವನು ಏನನ್ನು ಕಂಡನೆಂಬುದಕ್ಕಿಂತ ಹೇಗೆ ಕಂಡನೆಂಬುದು ಅವರಿಗೆ ಮುಖ್ಯವಾಗಿತ್ತು: ಇಡಿಯಾಗಿಯೋ ಬಿಡಿಬಿಡಿಯಾಗಿಯೋ, ಆಕಾರವನ್ನೋ ಬಣ್ಣವನ್ನೋ ಚಲನೆಯನ್ನೋ? ತಮ್ಮ ಶೋಧನೆ ಇನ್ನೂ ಆರಂಭದ ಹಂತದಲ್ಲಿದೆಯೆಂದು ಅವರು ವಿನಯದಿಂದ ಒಪ್ಪಿಕೊಂಡಿದ್ದರು. ಆದರೆ 1922ರಲ್ಲಿ, ಕೇವಲ 37ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಸಾಧನ ಉಳಿಯಿತು, ಆ ವಿನಯ ಎಲ್ಲರಲ್ಲೂ ಉಳಿಯಲಿಲ್ಲ. ಅಮೆರಿಕದಲ್ಲಿ ಹಲವು ಪಂಥಗಳು ಹುಟ್ಟಿ, ಒಂದೇ ಉತ್ತರಕ್ಕೆ ಬೇರೆ ಬೇರೆ ಅರ್ಥ ಹೇಳತೊಡಗಿದವು. 1974ರಲ್ಲಿ ಜಾನ್ ಎಕ್ಸ್‌ನರ್ ಏಕರೂಪದ ಕ್ರಮವೊಂದನ್ನು ರೂಪಿಸಿದರೂ ವಾದವಿವಾದ ನಿಲ್ಲಲಿಲ್ಲ. ಇದರ ನಡುವೆಯೇ, ಮಗು ತಾಯಿಯ ಬಳಿಯಿರಬೇಕೋ ತಂದೆಯ ಬಳಿಯೋ ಎಂದು ತೀರ್ಮಾನಿಸುವ ಅಲ್ಲಿನ ನ್ಯಾಯಾಲಯಗಳವರೆಗೂ ಈ ಕಲೆಗಳ ಸಾಕ್ಷ್ಯ ತಲುಪಿತು.

ಆದುದರಿಂದ, ನಿಮ್ಮ ಮಕ್ಕಳ ಕೈಗೆ ಇಂಥ ಪರೀಕ್ಷೆಯೊಂದರ ಫಲಿತಾಂಶ ಬಂದಾಗ ಅದನ್ನು ಗೌರವದಿಂದ ಓದಿರಿ. ಆದರೆ ಅಂತಿಮ ತೀರ್ಪೆಂದು ಭಾವಿಸದಿರಿ. ಜೊತೆಗೆ ಬಾಳಿ ಅರಿತದ್ದನ್ನೂ ತಕ್ಕಡಿಯಲ್ಲಿಡಿರಿ.